ವಿಡಿಯೋ ಗೇಮಿನ ಲಗ್ನಪತ್ರಿಕೆ

ಗುರುಲಿಂಗಮ್ಮನ ಮಗಳು ಸಹನಾ ಈಗ ಗಂಗಾವತಿಯ ಕಾಲೇಜೊಂದರಲ್ಲಿ ಮೇಡಂ. ಕಳೆದ ವಾರ ತಾವರಗೇರಾಕ್ಕೆ ಬಂದವಳು ನನ್ನ ಪ್ರೆಸ್ಸಿಗೂ ಬಂದು, ಹಳೆಯ ಕಾಲದ ವಿಡಿಯೋ ಗೇಮ್ ಜಾಹೀರಾತುಗಳನ್ನು ಮೊಬೈಲಿನಲ್ಲಿ ಒಂದೊಂದಾಗಿ ತೋರಿಸಿದಳು. ಜಪಾನಿನವು, ಅಮೆರಿಕದವು. ಕಣ್ಣು ಕುಕ್ಕುವ ಬಣ್ಣ, ಹಲ್ಲು ಕಿಸಿಯುವ ಬಿಳಿಯ ಮಕ್ಕಳು, ಟಿವಿಯೊಳಗಿಂದ ಹಾರಿ ಬರುವ ರಾಕೆಟ್ಟು. "ಎಷ್ಟು ಛಂದ ಅದಾವ ನೋಡ್ರಿ ಮಾಮಾ" ಎಂದಳು. ನನಗೆ ಸಿಟ್ಟು ಬಂತು. ಈ ಪಂಪಾಪತಿ ಇಪ್ಪತ್ತೆಂಟು ವರ್ಷ ಅಚ್ಚುಮೊಳೆ ಜೋಡಿಸಿದವನು. ಮಾಡಿದ ಪ್ರತಿ ಕೆಲಸದ ಒಂದು ಪ್ರತಿ ನನ್ನ ಫೈಲಿನಲ್ಲಿದೆ. 1999ರ ಫೈಲು ಬಿಚ್ಚಿ ಒಂದು ಹಳದಿ ಕಾಗದವನ್ನು ಅವಳ ಮುಂದೆ ಹಾಕಿದೆ.

ಮೇಲೆ ಗಣಪತಿ. ಎರಡು ಕಡೆ ಬಾಳೆಗಿಡ. ನಡುವೆ ದಪ್ಪಕ್ಷರದಲ್ಲಿ 'ವಿಡಿಯೋ ಗೇಮ್'. ಅದರ ಕೆಳಗೊಂದು ಟ್ರ್ಯಾಕ್ಟರ್.

ಸಹನಾ ನಕ್ಕು ನಕ್ಕು ಸ್ಟೂಲಿನಿಂದ ಬೀಳುವುದೊಂದು ಬಾಕಿ. "ಇದು ನಮ್ಮವ್ವನ ಅಂಗಡೀದೇನ್ರಿ?"

"ಹೂಂ, ನಿಮ್ಮವ್ವಂದ. ಆಗ ನೀ ತೊಟ್ಟಿಲದಾಗ ಇದ್ದಿ. ಕುಂದ್ರು, ಹೇಳ್ತೀನಿ" ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಗುರುಲಿಂಗಮ್ಮ ಗಂಗಾವತಿ ಹತ್ತಿರದ, ತೆಲುಗು ಮಂದಿಯ ಶ್ರೀರಾಮನಗರದ ಕಡೆಯ ಹೆಣ್ಣು. ಕಾಲುವೆ ನೀರು ಕುಡಿದು ಬೆಳೆದವಳು ನಮ್ಮ ಒಣಬೇಸಾಯದ ಊರಿಗೆ ಸೊಸೆಯಾಗಿ ಬಂದಿದ್ದಳು. ಸಿಟ್ಟು ಬಂದರೆ ತೆಲುಗು, ನಗು ಬಂದರೆ ಓಣಿಯ ಕೊನೆಯ ಮನೆಗೂ ಕೇಳಬೇಕು. ಗಂಡ ಕಳಕಪ್ಪ ಬಸ್ ಕಂಡಕ್ಟರ್. ಬೆಳಿಗ್ಗೆ ಹೋದನೆಂದರೆ ಮನೆಯ ಯಾವ ಜಗಳಕ್ಕೂ ಸಿಗುತ್ತಿರಲಿಲ್ಲ, ಪುಣ್ಯವಂತ. ಒಮ್ಮೆ ಅಕ್ಕಿ ತರಲು ಗಂಗಾವತಿಗೆ ಹೋದ ಗುರುಲಿಂಗಮ್ಮ, ಅಲ್ಲಿ ಅಕ್ಕನ ಮನೆಯ ಪಕ್ಕದ ಅಂಗಡಿಯಲ್ಲಿ ವಿಡಿಯೋ ಗೇಮ್ ಆಡಿದಳು. ಅಕ್ಕಿಯನ್ನು ಅಲ್ಲೇ ಮರೆತು ಬಂದಳು. ಹದಿನೈದು ದಿನದೊಳಗೆ ತವರಿನವರು ಕೊಟ್ಟ ಎಮ್ಮೆ ಮಾರಿ, ಎರಡು ಹಳೆಯ ಟಿವಿ, ಎರಡು ಆಟದ ಮಷೀನು ತಂದು, ಮನೆಯ ಮುಂದಿನ ಖೋಲಿಯಲ್ಲಿ ಹೂಡಿಯೇಬಿಟ್ಟಳು.

ಖೋಲಿ ಮಾವ ವಿರುಪಣ್ಣನದು. ಬೀಜ-ಗೊಬ್ಬರದ ವ್ಯಾಪಾರಿ, ಊರಿಗೆಲ್ಲ ಸಾವ್ಕಾರ್ರು. ಅವರು ಒಂದೇ ಮಾತು ಹೇಳಿದರು: "ಒಂದು ತಿಂಗಳು ನೋಡ್ತೀನಿ. ಮಂದಿ ಬರಲಿಲ್ಲಂದ್ರ ರೋಹಿಣಿ ಮಳಿ ಕೂಡೂದ್ರಾಗ ಇಲ್ಲೆ ಬೀಜದ ಅಂಗಡಿ."

ಇಪ್ಪತ್ತು ದಿನ ಕಳೆದರೂ ಯಾರೂ ಬರಲಿಲ್ಲ. ಕಣ್ಣು ಹೋಗುತ್ತದೆಂದು ಗಂಡಸರು ಮಕ್ಕಳನ್ನು ಬಿಡಲಿಲ್ಲ. ಹೆಂಗಸರು ಬಾಗಿಲಲ್ಲಿ ಇಣುಕಿ, ಸೆರಗು ಬಾಯಿಗಿಟ್ಟು ನಕ್ಕು ಹೋದರು. ಆಗ ಅವಳು ನನ್ನ ಪ್ರೆಸ್ಸಿಗೆ ಬಂದಳು. ನಗುವ ಹೆಂಗಸಿನ ಮುಖ ಅಷ್ಟು ಸಣ್ಣದಾಗಿದ್ದನ್ನು ನಾನು ಅದೇ ಮೊದಲು ಕಂಡದ್ದು.

"ಪಂಪಣ್ಣಾರ, ಎಮ್ಮೀನೂ ಹೋತು, ಖೋಲೀನೂ ಹೊಂಟೈತಿ. ಒಂದು ಛಲೋ ಜಾಹೀರಾತು ಮಾಡಿಕೊಡ್ರಿ. ನಾ ಹೇಳ್ತೀನಿ, ಬರಕೋರಿ. ಕಾರು ಓಡಿಸಿರಿ, ಡಿಕ್ಕಿ ಹೊಡೆದರೂ ಪೊಲೀಸರು ಬರುವುದಿಲ್ಲ. ಬಾತುಕೋಳಿ ಹೊಡೆಯಿರಿ, ಪಾಪ ತಟ್ಟುವುದಿಲ್ಲ."

ಇಂಥ ಮಾತು ಬರೆದವರು ಆ ಜಪಾನಿನಲ್ಲಿ ಯಾರಾದರೂ ಇದ್ದರೆ ತೋರಿಸಲಿ!

ಆದರೆ ಅದು ವೈಶಾಖ. ನನ್ನ ಮೊಳೆಗಳೆಲ್ಲ ಮದುವೆಪತ್ರಿಕೆಗಳಲ್ಲಿ ಸಿಕ್ಕಿಕೊಂಡಿದ್ದವು. ಆಗಿನ ಪ್ರೆಸ್ಸಿನವರ ಪದ್ಧತಿಯೇ ಹಾಗೆ: ಒಂದು ಪತ್ರಿಕೆಯ ಜೋಡಣೆಯನ್ನು ಬಿಚ್ಚದೆ ಹಾಗೇ ಇಟ್ಟು, ನಡುವಿನ ವಧೂವರರ ಹೆಸರನ್ನು ಮಾತ್ರ ಕಿತ್ತು, ಬೇರೆ ಹೆಸರು ಕೂರಿಸುವುದು. ಕೈಗೆ ಸಿಕ್ಕದ್ದು ಎರಡು ವಾರದ ಹಿಂದೆ ಮಾಡಿದ ಜೋಡಣೆ, ವಿರುಪಣ್ಣನ ಕಿರಿಯ ಮಗನ ಮದುವೆಯದೇ; ಆ ಮದುವೆ ಆಗಲೇ ಮುಗಿದಿತ್ತು. ವರನನ್ನು ಕಿತ್ತೆ, ವಧುವನ್ನು ಕಿತ್ತೆ, ವಿಡಿಯೋ ಗೇಮ್ ಕೂರಿಸಿದೆ. ಹಳೆಯ ತಾರೀಖು ಕಿತ್ತು ಸಂತೆಯ ಮರುದಿನದ್ದು ಹಾಕಿದೆ. ಕಾರಿನ ಚಿತ್ರದ ಬ್ಲಾಕು ಇರಲಿಲ್ಲ, ಟ್ರ್ಯಾಕ್ಟರ್ ಇತ್ತು. ಪ್ರೂಫ್ ನೋಡಲು ನನಗೂ ಪುರುಸೊತ್ತಿಲ್ಲ, ಅವಳಿಗೂ ತಾಳ್ಮೆಯಿಲ್ಲ. ಐದು ನೂರು ಕಾಗದ ಸಂತೆಯಲ್ಲಿ ಹಂಚಿದೆವು.

ಮರುದಿನ ಮಧ್ಯಾಹ್ನ ಓಣಿಯಲ್ಲಿ ಗದ್ದಲ. ಹೋಗಿ ನೋಡುತ್ತೇನೆ, ಜನ ರೇಷ್ಮೆ ಸೀರೆ ಉಟ್ಟು, ಪಟಕಾ ಸುತ್ತಿ, ಕೈಯಲ್ಲಿ ಮುಯ್ಯಿ ಹಿಡಿದು ಖೋಲಿಯ ಮುಂದೆ ನಿಂತಿದ್ದಾರೆ! ನಮ್ಮ ಓಣಿಯ ಹುಲಗಮ್ಮ ಸ್ಟೀಲಿನ ಕೊಡ ತಂದಿದ್ದಳು. ದಾವಲಬೀ ಕುಪ್ಪಸದ ಖಣ ತಂದಿದ್ದಳು. ಜೇಬಿನಲ್ಲಿದ್ದ ಕಾಗದ ತೆಗೆದು ಓದಿದೆ. ಕೆಳಗಿನ ಸಾಲುಗಳನ್ನು ಕಿತ್ತೇ ಇರಲಿಲ್ಲ: 'ಮಧ್ಯಾಹ್ನ 12-30ಕ್ಕೆ ಅಕ್ಷತೆ. ಬಳಿಕ ಗೋಧಿ ಹುಗ್ಗಿಯ ಪ್ರೀತಿಭೋಜನ. ತಮ್ಮ ಸುಖಾಗಮನವನ್ನು ಬಯಸುವ ವಿರುಪಣ್ಣ ಮತ್ತು ಬಂಧುಗಳು.'

"ಏನ್ ಮಾಡಿಟ್ರಿ ಪಂಪಣ್ಣಾರ!" ಎಂದು ಗುರುಲಿಂಗಮ್ಮ ನನ್ನ ಮೇಲೆ ಹರಿಹಾಯ್ದಳು, ಆಮೇಲೆ ಪೂರ್ತಿ ತೆಲುಗಿಗೆ ಇಳಿದಳು. ಅಷ್ಟರಲ್ಲಿ ಹನ್ನೆರಡೂವರೆ ಆಯಿತು. ಯಾರೋ "ಹೊತ್ತು ಮೀರತೈತಿ" ಎಂದರು. ಎಲ್ಲರೂ ಎರಡೂ ಟಿವಿಗಳ ಮೇಲೆ ಅಕ್ಷತೆ ಎರಚಿದರು.

ಅದೇ ಹೊತ್ತಿಗೆ ವಿರುಪಣ್ಣ ಕುಷ್ಟಗಿಯಿಂದ ಬಸ್ಸಿಳಿದು ಬಂದರು. ಜೊತೆಗೆ ಬಡಿಗ ಮುದಿಯಪ್ಪ; ಬೀಜದ ಅಂಗಡಿಗೆ ಹಲಗೆ ಹೊಡೆಯಲು ಖೋಲಿಯ ಅಳತೆ ತೆಗೆದುಕೊಳ್ಳಲೆಂದು ಅವನನ್ನು ಕರೆತಂದಿದ್ದರು. ಮುಗಿಯಿತು ಕತೆ ಎಂದುಕೊಂಡೆ. ನನ್ನ ತಪ್ಪಿನಿಂದ ಒಂದು ಹೆಂಗಸಿನ ಆಸೆ ಮಣ್ಣಾಯಿತಲ್ಲ ಎಂದು ನಿಜಕ್ಕೂ ನೊಂದುಕೊಂಡೆ.

ಆದರೆ ವಿರುಪಣ್ಣ ಬಾಯಿ ತೆರೆಯುವ ಮೊದಲೇ ಹುಲಗಮ್ಮ ಕಾಲು ಮುಟ್ಟಿದಳು. "ಸಣ್ಣ ಮಗನ ಮದುವ್ಯಾಗ ಹುಗ್ಗಿ ಸಾಲದ ಬಂದಿತ್ತಂತ ಮತ್ತ ಊರು ಕರದೀರಿ. ಇಂಥಾ ಮನಸು ಯಾರಿಗೈತ್ರಿ ಸಾವ್ಕಾರ್ರ!"

ಮದುವೆಯ ದಿನ ಹುಗ್ಗಿ ಸಾಲದೆ ಕೊನೆಯ ಎರಡು ಪಂಕ್ತಿ ಬರೀ ಅನ್ನ-ಸಾರಿನಲ್ಲಿ ಎದ್ದಿದ್ದವು. ಆವತ್ತಿನಿಂದ ವಿರುಪಣ್ಣ ಚಹಾದಂಗಡಿಯ ಮುಂದೆ ಹಾಯುವುದನ್ನೇ ಬಿಟ್ಟಿದ್ದರು. ಈಗ ಅವರು ಆ ಕಾಗದ ಇಸಿದುಕೊಂಡು ಓದಿದರು. ತಮ್ಮ ಹೆಸರನ್ನು ಎರಡು ಸಲ ಓದಿದರು. ಗಂಟಲು ಸರಿಮಾಡಿಕೊಂಡು ಪಟಕಾ ನೇರ ಮಾಡಿದರು.

"ನೋಡ್ಕೊಂತ ಏನ್ ನಿಂತಿ ಗುರುಲಿಂಗಮ್ಮ? ದೊಡ್ಡ ಹಂಡೇವು ತೆಗಸು. ಎರಡು ಮೂಟಿ ಗೋಧಿ, ಒಂದು ಪೆಂಟಿ ಬೆಲ್ಲ!"

ಹುಗ್ಗಿ ಬೇಯಲು ಮೂರು ತಾಸಾದರೂ ಬೇಕು. ಹಸಿದ ಮಂದಿ ಸುಮ್ಮನೆ ಕೂರುತ್ತಾರೆಯೇ? ಹುಲಗಮ್ಮ ಬಾತುಕೋಳಿ ಹೊಡೆದಳು. ದಾವಲಬೀ ಕಾರನ್ನು ಸಮುದ್ರಕ್ಕೆ ಬಿಟ್ಟು, "ಅಲ್ಲಾ, ಮುಳುಗಿದ್ನೆವ್ವಾ!" ಎಂದು ಕಿರುಚಿ, ಮತ್ತೆ ಸರದಿಗೆ ನಿಂತಳು. ಮಕ್ಕಳ ಕಣ್ಣು ಹೋಗುತ್ತದೆ ಎಂದವರೇ ಒಬ್ಬರನ್ನೊಬ್ಬರು ತಳ್ಳಿ ಒಳಗೆ ನುಗ್ಗಿದರು. ವಿರುಪಣ್ಣ ಬಾಗಿಲಲ್ಲಿ ನಿಂತು, "ಒಬ್ಬೊಬ್ರಾಗಿ ಬರ್ರಿ, ಒಬ್ಬೊಬ್ರಾಗಿ" ಎಂದು ಧಣಿಯ ಗತ್ತಿನಲ್ಲಿ ಸಾಲು ಹಚ್ಚಿದರು. ಹುಗ್ಗಿ ಆಯಿತು ಬರ್ರಿ ಎಂದು ಮೂರು ಸಲ ಕರೆದರೂ ಒಬ್ಬರೂ ಏಳಲಿಲ್ಲ.

ಮುದಿಯಪ್ಪ ಪಾಪ, ಅಳತೆಪಟ್ಟಿ ಹಿಡಿದು ಮಧ್ಯಾಹ್ನದಿಂದ ನಿಂತಿದ್ದ. ಕೊನೆಗೆ ಅವನೇ ಕೇಳಿದ. "ಸಾವ್ಕಾರ್ರ, ಬೀಜದ ಅಂಗಡಿ ಅಳತಿ ತಗೋಳ್ಳೇನ್ರಿ?"

ಖೋಲಿಗೇ ಹುಗ್ಗಿ ತಂದು ಬಡಿಸುತ್ತಿದ್ದ ಗುರುಲಿಂಗಮ್ಮನ ಸೌಟು ಅಲ್ಲೇ ನಿಂತಿತು.

ವಿರುಪಣ್ಣ ಖೋಲಿಯೊಳಗೊಮ್ಮೆ ನೋಡಿದರು. "ಖಾಲಿ ಜಾಗಾ ಎಲ್ಲೈತೋ ಮುದಿಯಪ್ಪ? ಬೀಜಾ ನಾ ಪಡಸಾಲ್ಯಾಗ ಮಾರ್ತೀನಿ. ನೀ ಇಲ್ಲೆ ಎರಡು ಬೆಂಚ್ ಮಾಡು. ಉದ್ದಾನ್ವು ಮಾಡು, ಹೆಂಗಸರು ಭಾಳ ಬರ್ತಾರ."