ಮಿಕ್ಕ ನಾಲ್ಕು ಸುತ್ತು

ಎಂಬತ್ತರ ದಶಕದಲ್ಲಿ ಓಕ್ಲ್ಯಾಂಡಿನ ನಮ್ಮ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಮೈಸೂರಿನ ಎಂಜಿನಿಯರೊಬ್ಬರಿದ್ದರು. ಅವರು ಕನ್ನಡಕವನ್ನು ಹಣೆಗೇರಿಸಿದರೆಂದರೆ ಉಪದೇಶ ಶುರುವಾಯಿತೆಂದೇ ಅರ್ಥ.

ಮೇಲಿನ ಮಹಡಿಯ ಗ್ರೀಕರ ಮಗಳ ಮದುವೆಗೆ ಒಟ್ಟಿಗೆ ಹೋದೆವು. ವಧೂವರರಿಗೆ ರಿಬ್ಬನ್ನಿನಿಂದ ಜೋಡಿಸಿದ ಕಿರೀಟಗಳನ್ನು ತೊಡಿಸಿದಾಗ ಕನ್ನಡಕ ಮೇಲೇರಿತು. "ಬಾಸಿಂಗ ಕಣ್ರೀ. ಎಲ್ಲಾ ನಮ್ಮಿಂದ್ಲೇ ಕಲಿತಿದ್ದು." ಪಾದ್ರಿ ಜೋಡಿಯನ್ನು ಮೇಜಿನ ಸುತ್ತ ಮೂರು ಸುತ್ತು ನಡೆಸಿದಾಗ, "ಇದು ಸಪ್ತಪದಿ. ಮಿಕ್ಕ ನಾಲ್ಕು ಮರೆತಿದಾರೆ, ಪಾಪ" ಎಂದರು. ತಮ್ಮ ಮದುವೆಯಲ್ಲಿ ಪುರೋಹಿತರು ಹೇಳಿಸಿದ ಒಂದು ಮಂತ್ರವೂ ಈ ಮಹಾಶಯರಿಗೆ ನೆನಪಿರಲಿಲ್ಲ.

ಮರುವರ್ಷ ಅವರ ಮಗಳು ಆ ಮದುಮಗಳ ತಮ್ಮನನ್ನೇ ಮದುವೆಯಾಗುತ್ತೇನೆಂದಳು. ಇವರು ನಮ್ಮ ಸೋಫಾದಲ್ಲಿ ಕುಸಿದು, "ಅವರ ಪದ್ಧತಿಗೂ ನಮ್ದಕ್ಕೂ ಏನ್ರೀ ಸಂಬಂಧ?" ಎಂದು ಗೋಳಾಡಿದರು.

ನನ್ನ ಹೆಂಡತಿ ಕಾಫಿ ಕೊಡುತ್ತಾ ಹೇಳಿದಳು: "ಮೂರು ಸುತ್ತು ಅವರು ಹಾಕಿಸ್ತಾರೆ. ಮಿಕ್ಕ ನಾಲ್ಕು ನೀವೇ ಹಾಕಿಸ್ಬಿಡಿ."