ಸೈರನ್ ಕೂಗಿದರೆ ತೆರೆಯುವ ಬಾಗಿಲು

ಪಾಸಿಲ್ಲದೆ ಒಂದು ನರಪಿಳ್ಳೆಯನ್ನೂ ಒಳಗೆ ಬಿಡದವನೆಂದು ನಗರಸಭೆಯ ಕಾವಲುಗಾರನಿಗೆ ಹೆಸರಿತ್ತು. ಬಿಸಿಲು ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಅದು ಮಿತಿ ಮೀರಿದ ದಿನ ಸೈರನ್ ಕೂಗಿಸಿ, ಎಸಿ ಇರುವ ಸಭಾಂಗಣವನ್ನು ಎಲ್ಲರಿಗೂ ತೆರೆಯಬೇಕೆಂದು ಸದಸ್ಯರು ಹೋದ ತಿಂಗಳು ತೀರ್ಮಾನಿಸಿದ್ದರು. ಇಂದು ಸಭೆ ನಡೆಯುತ್ತಿರುವಾಗಲೇ ಸೈರನ್ ಕೂಗಿತು. ಹಣ್ಣು ಮಾರುವವಳು ತನ್ನ ಅತ್ತೆಯನ್ನು ಹೆಗಲಿಗೆ ಆನಿಸಿಕೊಂಡು ಮೆಟ್ಟಿಲೇರಿ ಬಂದಳು.

"ಪಾಸ್ ಎಲ್ಲಿ?" ಎಂದಿತು ಕಾವಲುಗಾರನ ಹಾಳು ನಾಲಿಗೆ.

"ಅತ್ತೆಗೆ ಕಣ್ಣು ಕತ್ತಲೆ ಬರ್ತಿದೆ ಅಣ್ಣಾ, ಪಾಸ್ ಎಲ್ಲಿಂದ ತರ್ಲಿ?"

ಮುದುಕಿಯ ಕುತ್ತಿಗೆ ವಾಲಿತು. ಅವನು ಬಾಗಿಲು ದೂಡಿ, ಅವಳನ್ನು ಎತ್ತಿಕೊಂಡು ಹೋಗಿ ಅಧ್ಯಕ್ಷರ ಪಕ್ಕದ ಖಾಲಿ ಕುರ್ಚಿಯಲ್ಲಿ ಕೂರಿಸಿದ. ಹಿಂದೆಯೇ ಇಡೀ ಬೀದಿ ನುಗ್ಗಿತು.

"ಯಾರಯ್ಯಾ ಇವರನ್ನೆಲ್ಲ ಒಳಗೆ ಬಿಟ್ಟಿದ್ದು?" ಎಂದು ಅಧ್ಯಕ್ಷರು ಗುಡುಗಿದರು.

"ನೀವೇ ಸ್ವಾಮಿ, ಹೋದ ತಿಂಗಳು ಕೈ ಎತ್ತಿ," ಎಂದ ಅವನು. "ಈಗ ಆ ನೀರಿನ ಲೋಟ ಇಲ್ಲಿ ಕೊಡಿ."