ಅತ್ತಿಗೆ ಎರಡನೇ ಸಲ ಕಾಯಿಸಿದ ಪದರ

ನಮ್ಮ ಅತ್ತಿಗೆ ಸಂಶೋಧನೆ ಮಾಡುತ್ತಿದ್ದುದು ಪ್ಲಾಸ್ಟಿಕ್ಕಿನ ತೆಳು ಪದರಗಳ ಮೇಲೆ. ಒಂದು ಕೂದಲೆಳೆಯನ್ನು ಸಾವಿರಾರು ಪಾಲು ಸೀಳಿದರೆ ಸಿಗುವಷ್ಟು ತೆಳು. ಅವರು ಮದುವೆಯಾಗಿ ಬಂದ ಹೊಸತರಲ್ಲಿ ಅಮ್ಮ ಕೇಳಿದ್ದಳು: "ಅಷ್ಟು ತೆಳ್ಳಗಿರೋದನ್ನ ಇಟ್ಕೊಂಡು ಏನಮ್ಮ ಮಾಡ್ತೀಯ?"

"ಕಾಯಿಸ್ತೀನಿ ಅತ್ತೆ. ಯಾವಾಗ ಮೆತ್ತಗಾಗುತ್ತೆ ಅಂತ ನೋಡ್ತೀನಿ."

"ಅದಕ್ಕೆ ಇಷ್ಟು ಓದಬೇಕಾ? ಒಲೆ ಪಕ್ಕ ಬಕೆಟ್ ಇಟ್ರೆ ನಾನೇ ತೋರಿಸ್ತೀನಿ."

ಅತ್ತಿಗೆ ನಗುತ್ತಲೇ ಬಿಡಿಸಿ ಹೇಳಿದರು. ಪ್ಲಾಸ್ಟಿಕ್ಕಿನೊಳಗೆ ದಾರದಂಥ ಉದ್ದನೆಯ ಅಣುಗಳು ಒಂದಕ್ಕೊಂದು ಸಿಕ್ಕು ಹಾಕಿಕೊಂಡಿರುತ್ತವೆ. ಒಂದು ಮಟ್ಟದ ಬಿಸಿ ತಗಲಿದ ಮೇಲಷ್ಟೇ ಸಡಿಲವಾಗಿ ಸರಿದಾಡುತ್ತವೆ. ದಪ್ಪ ಹಾಳೆಯಲ್ಲಿ ಬಹುಪಾಲು ಅಣುಗಳು ನಡುವೆ ಸಿಕ್ಕಿಕೊಂಡಿರುತ್ತವೆ. ತೀರ ತೆಳು ಪದರದಲ್ಲಿ ಗಾಳಿಯ ಕಡೆಗಿರುವವುಗಳ ಪಾಲು ಹೆಚ್ಚು. ಅವು ಕಡಿಮೆ ಬಿಸಿಗೇ ಮಿಸುಕಾಡುತ್ತವೆ.

"ಬಸ್ಸಲ್ಲಿ ಬಾಗಿಲ ಹತ್ರ ನಿಂತೋರ ಹಾಗೆ" ಎಂದಳು ಅಮ್ಮ.

"ಹೌದು ಅತ್ತೆ. ಆದ್ರೆ ಪದರದ ಕೆಳಗೆ ಇಟ್ಟಿರೋ ತಟ್ಟೆಗೆ ಅಂಟ್ಕೊಂಡ್ರೆ, ಕಂಬಿ ಹಿಡ್ಕೊಂಡೋರ ಹಾಗೆ, ಜಗ್ಗೋದೇ ಇಲ್ಲ."

ಅಂದಿನಿಂದ ಅಮ್ಮ ಬೀದಿಗೆಲ್ಲ ಬಸ್ಸಿನ ಪಾಠ ಹೇಳಿದಳು. ಸೊಸೆ ಇನ್ನೇನು ಡಾಕ್ಟರ್ ಆಗುತ್ತಾಳೆ, ಸೂಜಿ ಚುಚ್ಚುವ ಡಾಕ್ಟರಲ್ಲ ಎಂದೂ ಸಾರಿದಳು.

ಪ್ರಬಂಧ ಒಪ್ಪಿಸುವ ಹೊತ್ತು ಬಂತು. ಅತ್ತಿಗೆಯ ಪದರಗಳು ದಪ್ಪ ಹಾಳೆಗಿಂತ ತುಂಬಾ ಕಡಿಮೆ ಬಿಸಿಗೆ ಮೆತ್ತಗಾಗಿದ್ದವು. ಅದರ ಗ್ರಾಫ್ ನೋಡಿ ಗೈಡ್ ಬೆನ್ನು ತಟ್ಟಿದ್ದರು. ಅಷ್ಟರಲ್ಲಿ ಅತ್ತಿಗೆ, ಗ್ರಾಫಿನ ಗೆರೆ ಇನ್ನಷ್ಟು ಚೆಂದ ಬರಲಿ ಎಂದು, ಅಳೆದಿದ್ದ ಪದರವನ್ನೇ ತಣಿಸಿ ಮತ್ತೆ ಕಾಯಿಸಿದರು. ಈ ಸಲ ಅದು ಮೆತ್ತಗಾಗಲು ಹೆಚ್ಚು ಬಿಸಿ ಬೇಕಾಯಿತು.

ಊಟದ ಹೊತ್ತಿಗೆ ಮನೆಗೆ ಬಂದವರು ಊಟದ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. "ಥಿನ್ನರ್ ಪೂರ್ತಿ ಹೋಗಿರ್ಲಿಲ್ಲ" ಎಂದರು ಅಣ್ಣನಿಗೆ. ಪ್ಲಾಸ್ಟಿಕ್ಕನ್ನು, ಪೇಂಟಿಗೆ ಬೆರೆಸುವ ಥಿನ್ನರಿನಂಥ ದ್ರವದಲ್ಲಿ ಕರಗಿಸಿ, ಗಿರಗಿರ ತಿರುಗುವ ತಟ್ಟೆಯ ಮೇಲೆ ಹನಿಸಿ ಪದರ ಮಾಡುತ್ತಿದ್ದರು. ಆ ದ್ರವ ಒಳಗೆ ಚೂರು ಉಳಿದರೂ ಅಣುಗಳಿಗೆ ಎಣ್ಣೆ ಸವರಿದ ಹಾಗೆ. ಮೊದಲ ಸಲ ಕಾಯಿಸಿದಾಗ ಅದು ಹಾರಿಹೋಗಿತ್ತು. ಹಾಗಾದರೆ ಹಳೆಯ ಗ್ರಾಫಿನಲ್ಲಿ ಪದರದ ಗುಣವೆಷ್ಟು, ಥಿನ್ನರಿನದೆಷ್ಟು? ಪೂರ್ತಿ ಥಿನ್ನರಿನದೇ ಆಗಿದ್ದರೆ ಇಷ್ಟು ವರ್ಷದ ಕೆಲಸ ನೀರಿಗೆ ಹೋದಂತೆ.

"ಎಲ್ರೂ ಇಷ್ಟೇ ಒಣಗಿಸೋದಮ್ಮ, ಸುಮ್ನೆ ಒಪ್ಪಿಸಿಬಿಡು" ಎಂದರಂತೆ ಗೈಡ್.

"ಅನುಮಾನ ಬಂದ ಮೇಲೆ ನನ್ನ ಹೆಸರು ಹೇಗೆ ಹಾಕಲಿ ಸಾರ್?" ಎಂದರಂತೆ ಇವರು.

ಎಲ್ಲ ಪದರಗಳನ್ನೂ ಹೊಸದಾಗಿ ಮಾಡಿದರು. ಗಾಳಿ ತೆಗೆದ ಒಲೆಯಲ್ಲಿ ಚೆನ್ನಾಗಿ ಬಿಸಿಯೇರಿಸಿ ಒಣಗಿಸಿದರು. ಪ್ರತಿ ಪದರವನ್ನೂ ಎರಡೆರಡು ಸಲ ಕಾಯಿಸಿದರು. ಎರಡೂ ಸಲ ಒಂದೇ ಉತ್ತರ ಬಂದರಷ್ಟೇ ಬರೆದುಕೊಂಡರು. ಡಿಗ್ರಿ ಮುಂದಕ್ಕೆ ಹೋಯಿತು. "ಏನ್ರೀ, ಡಾಕ್ಟರಮ್ಮ ಇನ್ನೂ ಕಾಂಪೌಂಡರ್ರೇನಾ?" ಎಂದು ಎದುರುಮನೆಯಾಕೆ ಚುಚ್ಚಿದಾಗ ಅಮ್ಮ ಬಾಗಿಲು ಹಾಕಿಕೊಂಡು ಒಳಗೆ ಬಂದಳು.

ಕೊನೆಗೆ ಉತ್ತರ ಸಿಕ್ಕಿತು. ಮೊದಲು ಕಂಡಿದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಥಿನ್ನರಿನ ಆಟವೇ. ಉಳಿದದ್ದು ಎಷ್ಟು ಸಲ ಕಾಯಿಸಿದರೂ ಕದಲಲಿಲ್ಲ. ತೆಳು ಪದರದ ಅಣುಗಳು ನಿಜಕ್ಕೂ ಬೇಗ ಸಡಿಲವಾಗುತ್ತಿದ್ದವು.

ಮೌಖಿಕ ಪರೀಕ್ಷೆಗೆ ಮನೆಮಂದಿಯೆಲ್ಲ ಹೋಗಿ ಹಿಂದಿನ ಸಾಲಿನಲ್ಲಿ ಕುಳಿತೆವು. ಅತ್ತಿಗೆ ಮೊದಲು ತಪ್ಪು ಗ್ರಾಫನ್ನೇ ಪರದೆಯ ಮೇಲೆ ಹಾಕಿದರು.

"ಇದನ್ನ ತೋರಿಸದೇ ಬಿಟ್ಟಿದ್ರೆ ಯಾರಿಗೂ ಗೊತ್ತಾಗ್ತಿರಲಿಲ್ಲವಲ್ಲ?" ಎಂದರು ಪರೀಕ್ಷಕರು.

"ನನ್ನ ನಂತರ ಬರೋರು ಮತ್ತೆ ಇದೇ ಗುಂಡಿಗೆ ಬೀಳ್ತಿದ್ರು ಸಾರ್."

ಪರೀಕ್ಷಕರು ಪೆನ್ನು ಕೆಳಗಿಟ್ಟು, ಆ ಒಣಗಿಸುವ ಕ್ರಮವನ್ನು ಇನ್ನೊಮ್ಮೆ ನಿಧಾನವಾಗಿ ಹೇಳುವಂತೆ ಕೇಳಿದರು. ಸಂಜೆಯೊಳಗೆ ಅತ್ತಿಗೆ ಡಾಕ್ಟರ್ ಆಗಿದ್ದರು.

ಹೊರಗಿನ ಬೆಂಚಿನ ಮೇಲೆ ಇನ್ನೊಬ್ಬ ಅಭ್ಯರ್ಥಿಯ ತಾಯಿ ಕುಳಿತಿದ್ದರು. ಅಮ್ಮ ಅವರ ಪಕ್ಕಕ್ಕೆ ಸರಿದು, ಕೇಳದಿದ್ದರೂ ಶುರು ಮಾಡಿದಳು: "ನಮ್ಮ ಸೊಸೆ ತನ್ನ ತಪ್ಪನ್ನ ತಾನೇ ಹಿಡಿದ್ಲು ಕಣ್ರೀ! ಅಷ್ಟು ದೊಡ್ಡ ಗೈಡ್ ಸಾಹೇಬ್ರಿಗೂ ಸಿಕ್ಕಿರಲಿಲ್ಲ. ನಿಮ್ಮ ಹುಡುಗ ಏನು ಹಿಡಿದಿದ್ದಾನೆ?"